ಉಗುರಿನ ಗೀರು

ಬೆಟ್ಟದ ಬಂಡೆಯ ಸಂದಿಯಿಂದ ಅಗೆದು ತಂದು ಕುಂಡದಲ್ಲಿ ನೆಟ್ಟಿದ್ದ ಕುಳ್ಳ ಮರದ ತೊಗಟೆಗೆ ಅಪ್ಪ ಇವತ್ತೂ ಉಗುರು ಊರಿದ. ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ ಎಂದರ್ಥ. ಚಿಗುರು ಮಾತ್ರ ಒಂದೂ ಇಲ್ಲ. ಕಾಂಡವೆಲ್ಲ ಬೆಕ್ಕು ಪರಚಿದ ಹಾಗಿತ್ತು.

ಗಂಡನನ್ನು ಬಿಟ್ಟು ಬಂದ ಮಗಳು ಪಕ್ಕದಲ್ಲೇ ಕೂತು, ಆ ಮರದ ಬೇರುಮಣ್ಣಿನ ಜೊತೆ ಬಂದಿದ್ದ ಕಾಡುಹುಲ್ಲನ್ನು ಅಂಗೈಯಗಲದ ಕುಂಡಕ್ಕೆ ನೆಡುತ್ತಿದ್ದಳು, ಮರದ ಪಕ್ಕ ಜೋಡಿಯಾಗಿ ಇಡುವುದಕ್ಕೆ.

"ದಿನಾ ಹೀಗೆ ಕೆರೆದು ನೋಡಿದ್ರೆ ಅದು ಚಿಗುರೋದು ಯಾವಾಗಪ್ಪಾ?" ಎಂದಳು, ತಲೆ ಎತ್ತದೆ.

"ಬದುಕಿದ್ಯೋ ಇಲ್ವೋ ಗೊತ್ತಾಗ್ಬೇಡ್ವೇನಮ್ಮ?"

"ಬದುಕಿದ್ರೆ ಅದೇ ತೋರಿಸುತ್ತೆ, ಬಿಡಪ್ಪ."

ಅವನು ಉಗುರು ಹಿಂದಕ್ಕೆ ತೆಗೆದ. ದಿನಾ ಬೆಳಿಗ್ಗೆ ಅವಳನ್ನು ಕೇಳುತ್ತಿದ್ದ "ಈಗ ಹೇಗಿದ್ದೀಯಮ್ಮ?" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿ, ನೀರಿನ ಮಗ್ಗನ್ನು ಅವಳತ್ತ ಸರಿಸಿದ.