ಹೂವಿಲ್ಲದ ಕೌದಿ

ಹಾಸಿದ ಕೌದಿಯ ಮೂಲೆ ಹಿಡಿದು ಹಿರಿಯಳಾದ ಸೋನುಬಾಯಿ ಹುಬ್ಬು ಗಂಟಿಕ್ಕಿದಳು. "ಹೂ ಎಲ್ಲಿ ಅದಾವ, ರಜಿಯಾ? ಬತ್ತಲೆ ಕೌದಿ ಕೊಟ್ಟು ಕಳಸ್ತೀಯೇನ ಗೆಳತೀನ್ನ?"

ಬಟ್ಟೆ ಮಡಚಿ ಮಾಡಿದ ಹೂವನ್ನು ನಾಲ್ಕೂ ಮೂಲೆಗೆ ಹಚ್ಚದೆ ಸಿದ್ದಿ ಹೆಂಗಸರು ಯಾರಿಗೂ ಕೌದಿ ಕೊಡುವವರಲ್ಲ. ರಜಿಯಾ ಬೇಕೆಂದೇ ಬಿಟ್ಟಿದ್ದಳು. ಕಾಡಂಚಿನ ಹೊಲಗಳ ಹಕ್ಕು ಕೇಳಲು ಸಾಂಬ್ರಾಣಿಯಲ್ಲಿ ಸಂಘ ಕಟ್ಟಿದವರು ಅವಳು, ಗೆಳತಿ ಜುಲಿಯಾನಾ ಇಬ್ಬರೂ. ಪೊಲೀಸ್ ಜೀಪು ಹತ್ತಿದವರೂ ಇಬ್ಬರೂ. ಫೆಲೋಶಿಪ್ ಬಂದದ್ದು ಮಾತ್ರ ಜುಲಿಯಾನಾಗೆ. ಕೀನ್ಯಾದ ಕಾಡಿನ ಜನರ ಸಂಘಟನೆಗಳ ಜೊತೆ ಒಂದು ವರ್ಷ ಕೆಲಸ ಮಾಡಲು ಅವಳು ನಾಳೆ ಹೊರಡುವವಳಿದ್ದಳು.

ಬೀಳ್ಕೊಡಲು ಬಂದು ಕೂತವರೆಲ್ಲ ರಜಿಯಾಳತ್ತ ತಿರುಗಿದರು. ಜುಲಿಯಾನಾ ಬೋಳು ಮೂಲೆಯನ್ನು ಬೆರಳಿಂದ ಸವರಿ ತಲೆಯೆತ್ತಿದಳು. ಅವಳಿಗೆ ಎಲ್ಲ ತಿಳಿಯಿತೆಂದು ರಜಿಯಾಗೆ ಗೊತ್ತಾಯಿತು. ಬಯ್ಯಲಿ, ಎಲ್ಲರೆದುರೇ ಬಯ್ಯಲಿ ಎಂದು ಹಲ್ಲು ಕಚ್ಚಿ ಕಾದಳು.

"ನಾನ ಬ್ಯಾಡ ಅಂದಿದ್ದೆ, ಮಾವಶಿ," ಎಂದು ಜುಲಿಯಾನಾ ನಕ್ಕಳು. "ಅಲ್ಲಿಂದ ಅರಿವಿ ತರ್ತೇನಿ. ಬಂದ ಮ್ಯಾಲ ಇಬ್ರೂ ಕೂಡಿ ಹೂ ಹಚ್ಚತೇವಿ."

"ಹಂಗೇನ! ಮೊದಲ ಹೇಳಬಾರ್ದೇನವಾ," ಎಂದು ಸೋನುಬಾಯಿ ರಜಿಯಾಳ ಬೆನ್ನು ತಟ್ಟಿದಳು. ಜುಲಿಯಾನಾಳನ್ನು ಆರಿಸಿದವರು ಸರಿಯಾಗಿಯೇ ಆರಿಸಿದ್ದರೆಂಬುದು ರಜಿಯಾಗೆ ಆಗ ಖಾತ್ರಿಯಾಯಿತು. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಹೊಟ್ಟೆಯುರಿ ಗಂಟಲಿಗೇರಿತು.