ಅಜ್ಜಿಯ ಕೌದಿ

ಇಸ್ತ್ರಿ ಮಾಡುವಾಗ ಬಟ್ಟೆ ಸುಟ್ಟ ವಾಸನೆ ಬಂದರೆ ಇವತ್ತಿಗೂ ನನಗೆ ಚಿಗಟೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿಯನ್ನು ಮಣ್ಣು ಮಾಡಿ ಬಂದ ಮರುದಿನ ಅದು. ಬಹಳ ದಿನ ಎದೆನೋವೆಂದು ಮಲಗಿದ್ದಳು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಒಯ್ಯಲು ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. "ಇರ್ಲಿ ಬಿಡಪ್ಪಾ, ನನ್ನ ಕೌದಿ ಹೊದಸು, ಸಾಕು" ಅನ್ನುತ್ತಿದ್ದಳು. ಹಳೇ ಸೀರೆಗಳನ್ನು ಪದರ ಪದರವಾಗಿಟ್ಟು ತಾನೇ ಹೊಲಿದ ಕೌದಿ. ಅದರ ಒಂದು ಅಂಚು ಹಲಗೆಯಂತೆ ಗಟ್ಟಿ. ನಾವು ಮುಟ್ಟಿದರೆ ಬೈಯುತ್ತಿದ್ದಳು. ಅವ್ವ ಸಂತೆಗೆ ಹೊರಟಾಗಲೆಲ್ಲ ಅಜ್ಜಿಯದು ಒಂದೇ ಮಾತು: "ಪೂರಾ ಖರ್ಚು ಮಾಡಬ್ಯಾಡ. ಕಷ್ಟಕಾಲಕ್ಕ ಒಂದೀಟು ತೆಗೆದಿಡು."

"ಸತ್ತೋರ ಹಾಸಿಗಿ ಮನ್ಯಾಗ ಇಡಬಾರ್ದು" ಎಂದರು ಹಿರಿಯರು. ಅಪ್ಪ ಊರ ಹೊರಗೆ ಕೌದಿಗೆ ಬೆಂಕಿ ಹಚ್ಚಿದ. ಸೀರೆಗಳು ಭಗ್ಗನೆ ಉರಿದವು. ಆ ಅಂಚು ಮಾತ್ರ ಹೊಗೆಯಾಡುತ್ತಿತ್ತು. ಅಪ್ಪ ಕೋಲಿನಿಂದ ತಿರುವಿದ. ಹೊಲಿಗೆ ಬಿಚ್ಚಿತು. ಒಳಗೆ ಮಡಚಿಟ್ಟಿದ್ದ ನೋಟುಗಳು ಒಂದೊಂದಾಗಿ ಬಿಚ್ಚಿಕೊಂಡು ಕಪ್ಪಾದವು.

ಅವ್ವ ಬರಿಗೈಯಲ್ಲೇ ಬೆಂಕಿಯನ್ನು ಬಡಿದಳು. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಬೂದಿಯನ್ನೇ ಕೇಳಿದ:

"ಇದಕ್ಕಿಂತ ಇನ್ಯಾವ ಕಷ್ಟ ಬರ್ತೈತಂತ ಇಟ್ಕೊಂಡಿದ್ದಿ, ಯವ್ವಾ?"