ಪಟ್ಟಿಯ ಮೇಲಿನ ಕುಂಕುಮ

ತಲೆಗೆ ಪೆಟ್ಟಾದವರ ಕಿವಿಯ ಹಿಂದೆ ಅಂಟಿಸುವ ಪಟ್ಟಿ, ಮಿದುಳಿನ ಉರಿಯೂತ ಇಳಿದೊಡನೆ ಕೆಂಪಿನಿಂದ ಹಸಿರಾಗುತ್ತದೆ. ಅಂದೇ ನರ್ಸ್ ಕಳೆದ ನೆನಪನ್ನೆಲ್ಲ ಮರಳಿ ತುಂಬಿಸುತ್ತಾಳೆ.

ಚನ್ನವೀರನ ಪಟ್ಟಿ ಹಸಿರಾಗಿ ಎಂಟು ದಿನವಾಗಿತ್ತು. ಹೆಂಡತಿ ಶಿವಲೀಲಾ ದಿನಾ ಮುಂಜಾನೆ ಅದಕ್ಕೆ ಕುಂಕುಮ ಸವರುತ್ತಿದ್ದಳು. ಅಪಘಾತದ ದಿನ ಅವನ ಬೈಕಿನ ಹಿಂದೆ ಕೂತಿದ್ದ ಮಗಳು ಉಳಿಯಲಿಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲ, ಮಗಳಿದ್ದಳೆಂಬುದೇ ಗೊತ್ತಿರಲಿಲ್ಲ.

ಇಂದು ಮಗಳ ಫ್ರಾಕು ಮಡಚುತ್ತ ಕೂತವಳು ಕುಂಕುಮ ಹಚ್ಚುವುದನ್ನೇ ಮರೆತಳು. ನರ್ಸ್ ಬಂದು ಬಗ್ಗಿ ನೋಡುವಾಗಲೇ ಅವಳಿಗದು ನೆನಪಾದದ್ದು.

"ಇನ್ನೂ ಕೆಂಪೈತ್ರೀ ಅಕ್ಕಾರ," ಎಂದು ನರ್ಸ್ ಹೊರಟುಹೋದಳು.

ಚನ್ನವೀರ ತನ್ನ ಕೆಂಪು ಬೆರಳನ್ನು ಲುಂಗಿಗೆ ಒರೆಸಿಕೊಂಡ.

"ನೀ ಮುಚ್ಚಿಡೂದು ಏನಂತ ನನಗ ಗೊತ್ತಿಲ್ಲ. ಹಚ್ಚೂವಾಗ ದಿನಾ ನಿನ್ನ ಕೈ ನಡಗತೈತಿ. ನೀನಾ ಹೇಳೂತನಕ ಕಾಯ್ತೇನಿ."